‘ಪ್ಯಾಸಬಲ್’ ಎಂದರೆ ಹೊಗಳಿಕೆಯೇ, ಬೈಗುಳವೇ? ಕಕ್ಕಬ್ಬೆಯಿಂದ ಒಂದು ಪ್ರಶ್ನೆ

ಕಕ್ಕಬ್ಬೆ ಹೋಂಸ್ಟೇ
ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದಿಂದಾಗಿ ನಮ್ಮ ಮನೆಯಲ್ಲಿ ಎರಡು ದಿನದಿಂದ ಮಾತುಕತೆ ನಿಂತಿದೆ. ಬಲ್ಲವರು ತೀರ್ಪು ಹೇಳಬೇಕು.

ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಮ್ಮದು ಮೂರು ಕೋಣೆಗಳ ಹೋಂಸ್ಟೇ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಜುಲೈಯಲ್ಲಿ ಫ್ರಾನ್ಸಿನ ದಂಪತಿ ಬಂದು ಮೂರು ದಿನ ಇದ್ದರು. ಬರುವಾಗಲೇ ಅವರ ಬಾಡಿಗೆ ಕಾರು ಎರಡನೇ ತಿರುವಿನ ಕೆಸರಿನಲ್ಲಿ ಹೂತುಕೊಂಡಿತು, ನಮ್ಮ ಜೀಪಿಗೆ ಹಗ್ಗ ಕಟ್ಟಿ ಎಳೆದೆವು. ಊರಿಗೆ ಮರಳಿದ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ಅಭಿಪ್ರಾಯದ ತಿರುಳು ಇಷ್ಟು: ದಾರಿ ‘ಇಂಪ್ಯಾಸಬಲ್’, ಊಟ ‘ಪ್ಯಾಸಬಲ್’.

ದಾರಿಯ ಮಾತನ್ನು ಒಪ್ಪುತ್ತೇನೆ. ಊಟವಂತೂ ‘ಪಾಸ್’ ಆಯಿತಲ್ಲ ಎಂದು ಹಿಗ್ಗಿ, ಗೇಟಿನ ಬೋರ್ಡಿನಲ್ಲಿ ಆ ಪದವನ್ನು ಬರೆಯಲು ಪೇಂಟರ್‌ಗೆ ಹೇಳಿಯೂ ಬಿಟ್ಟಿದ್ದೆ. ಮೈಸೂರಿನಲ್ಲಿ ಓದುವ ಮಗಳು ರಜೆಗೆ ಬಂದವಳು ಅದನ್ನು ಕೇಳಿ ತಲೆ ಚಚ್ಚಿಕೊಂಡಳು. ‘ಅಪ್ಪಾ, ಅದು ಹೊಗಳಿಕೆಯಲ್ಲ’ ಎಂದಳು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಅದು ಕೇಳಿಸಿತು. ಕಡಂಬುಟ್ಟು, ಪಂದಿ ಕರಿ, ಬಿದಿರು ಕಣಿಲೆಯ ಪಲ್ಯ, ಮೂರು ದಿನವೂ ಎರಡೆರಡು ಸಲ ಬಡಿಸಿಕೊಂಡವರು ಅವರು! ಒಂದೇ ಪದ ದಾರಿಗೂ ಊಟಕ್ಕೂ ಹೇಗೆ ಬರುತ್ತದೆ? ಅದರ ನಿಜವಾದ ಅರ್ಥವೇನು?

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ನಿಮ್ಮ ಮಗಳು ಹೇಳಿದ್ದು ಸರಿ. ಬೋರ್ಡು ಬರೆಸಬೇಡಿ.

ಪದದ ಒಳಗೆ ‘ಪಾಸ್’ ಇದೆ ನಿಜ, ಆದರೆ ಅದು ಪರೀಕ್ಷೆಯಿಂದ ಬಂದ ಪಾಸ್ ಅಲ್ಲ. ಮೂಲ ಲ್ಯಾಟಿನ್ನಿನ ‘ಪಸ್ಸುಸ್’, ಅಂದರೆ ಹೆಜ್ಜೆ. ಹೆಜ್ಜೆಯಿಂದ ಹಾದುಹೋಗುವುದು, ಹಾದುಹೋಗುವುದರಿಂದ ಫ್ರೆಂಚಿನ ‘ಪಾಸೆ’, ಅದಕ್ಕೆ ‘ಏಬಲ್’ ಎಂಬ ಬಾಲ ಸೇರಿ ಇಂಗ್ಲಿಷಿನ ‘ಪ್ಯಾಸಬಲ್’. ಹಾಯಬಹುದಾದ, ದಾಟಬಹುದಾದ ಎಂಬುದು ನೇರವಾದ ಅರ್ಥ. ರಸ್ತೆ, ಕಣಿವೆ, ಹೊಳೆ, ಹಿಮ ಬಿದ್ದ ಬೆಟ್ಟದ ದಾರಿ ಇವುಗಳಿಗೆಲ್ಲ ಇದು ಹೊಂದುತ್ತದೆ. ಬೆಟ್ಟಗಳ ನಡುವಿನ ಕಣಿವೆದಾರಿಗೆ ಇಂಗ್ಲಿಷಿನಲ್ಲಿ ‘ಪಾಸ್’ ಎಂದೇ ಹೆಸರು.

ಎರಡನೆಯ ಅರ್ಥ ಇದರದೇ ಮರಿ. ತಡೆಯದೆ ಮುಂದಕ್ಕೆ ಬಿಡಬಹುದು ಅನ್ನಿಸುವಷ್ಟರ ಮಟ್ಟಿಗೆ ಇರುವುದು. ಕೆಟ್ಟದ್ದಲ್ಲ, ಒಳ್ಳೆಯದೆಂದು ಹೇಳುವಷ್ಟೂ ಇಲ್ಲ. ‘ಅವನ ಫ್ರೆಂಚ್ ಪ್ಯಾಸಬಲ್’ ಎಂದರೆ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವುದಕ್ಕೆ ಸಾಕು, ಭಾಷಣಕ್ಕೆ ಸಾಲದು. ನಿಮ್ಮ ಅತಿಥಿಗಳು ಫ್ರಾನ್ಸಿನವರು ಎಂದಿರಿ. ಅಲ್ಲಿನ ಪರೀಕ್ಷೆಗಳಲ್ಲಿ 20ಕ್ಕೆ 10 ಮುಟ್ಟಿ 12 ಮುಟ್ಟದವರ ದರ್ಜೆಯ ಹೆಸರೇ ‘ಪಾಸಾಬ್ಲ್’. ನಮ್ಮ ಲೆಕ್ಕದಲ್ಲಿ ಜಸ್ಟ್ ಪಾಸ್ ಎನ್ನುತ್ತೇವಲ್ಲ, ಅದು.

ಕಕ್ಕಬ್ಬೆ ಹೋಂಸ್ಟೇ
ಮೇಷ್ಟ್ರೇ, ಇದನ್ನು ಅಡುಗೆಮನೆಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಮಕ್ಕಂದೂರಿನ ಜೀಪ್ ಚಾಲಕ
ಅಕ್ಕನಿಗೆ ಹೇಳಿ: ಎರಡು ಸಲ ಬಡಿಸಿಕೊಂಡವರ ತಟ್ಟೆಯ ಸಾಕ್ಷಿ ದೊಡ್ಡದು, ಬರೆದ ಮಾತಿನದಲ್ಲ.

ಮಡಿಕೇರಿಯ ಅನುವಾದಕಿ
ಈ ಪದದ ಜೊತೆ ನನಗೆ ಹಳೆಯ ಹಗೆತನವಿದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಪ್ರವಾಸಿಗರಿಗಾಗಿ ಒಂದು ಸಂಸ್ಥೆ ಸಿದ್ಧಪಡಿಸಿದ ಇಂಗ್ಲಿಷ್ ಸೂಚನಾ ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಯಾವ ರಸ್ತೆ ‘ಪ್ಯಾಸಬಲ್’, ಯಾವುದು ಅಲ್ಲ ಎಂಬ ಪಟ್ಟಿ. ಮೊದಲು ‘ಸಂಚಾರಯೋಗ್ಯ’ ಎಂದು ಬರೆದೆ. ಓದಿದವರು ‘ರಸ್ತೆ ಚೆನ್ನಾಗಿದೆ’ ಎಂದು ತಿಳಿದರು. ‘ಯೋಗ್ಯ’ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಮರ್ಯಾದೆಯಿದೆ. ಯೋಗ್ಯ ಮನುಷ್ಯ, ಯೋಗ್ಯ ವರ ಎನ್ನುತ್ತೇವೆ. ಅಳತೆಗೆ ಹೇಗೋ ಮುಟ್ಟಿದ್ದನ್ನು ಯೋಗ್ಯ ಎನ್ನುವುದಿಲ್ಲ. ಆಮೇಲೆ ‘ಸುಗಮ’ ಎಂದು ತಿದ್ದಿದೆ. ಅದು ಇನ್ನೂ ಕೆಟ್ಟಿತು.

ವಿರಾಜಪೇಟೆಯ ಸಂಸ್ಕೃತಪ್ರೇಮಿ
ಸುಗಮ ಎಂದರೆ ತಪ್ಪೇನು ಬಂತು? ‘ಗಮ್’ ಧಾತು, ಹೋಗುವುದು. ಸು-ಗಮ ಎಂದರೆ ಸುಲಭವಾಗಿ ಹೋಗಬಹುದಾದದ್ದು. ಅದರ ವಿರುದ್ಧ ದುರ್ಗಮ. ಕೋಟೆಯನ್ನು ದುರ್ಗ ಎನ್ನುವುದೂ ಅದಕ್ಕೇ, ಶತ್ರು ಅಲ್ಲಿಗೆ ಹೋಗುವುದು ಕಷ್ಟ. ಇಂಗ್ಲಿಷಿನವರಿಗಿಂತ ಎಷ್ಟೋ ಮೊದಲೇ ನಮ್ಮಲ್ಲಿ ಜೋಡಿಪದಗಳು ಸಿದ್ಧವಾಗಿದ್ದವು.

ಮಡಿಕೇರಿಯ ಅನುವಾದಕಿ
ಸರ್, ಜೋಡಿ ಸುಂದರವಾಗಿದೆ, ಆದರೆ ನಡುವಿನ ಜಾಗ ಖಾಲಿ. ಸುಗಮದ ರಸ್ತೆಯಲ್ಲಿ ಕಾಫಿ ಚೆಲ್ಲದೆ ಹೋಗಬಹುದು. ದುರ್ಗಮದಲ್ಲಿ ಹೋಗುವುದೇ ಸಾಹಸ. ‘ಪ್ಯಾಸಬಲ್’ ಇವೆರಡರ ನಡುವೆ ಇದೆ: ಬಂಪರ್ ಕೆಳಗೆ ಉಜ್ಜುತ್ತದೆ, ಗೇರ್ ಒಂದರಿಂದ ಏರುವುದಿಲ್ಲ, ಆದರೆ ಆ ಕಡೆ ಸೇರುತ್ತೀರಿ. ಇಂಗ್ಲಿಷ್ ಪದ ಸುಖದ ಬಗ್ಗೆ ಏನನ್ನೂ ಭರವಸೆ ಕೊಡುವುದಿಲ್ಲ. ಸುಗಮ ಕೊಡುತ್ತದೆ. ಸುಗಮ ಸಂಗೀತ ಎಂದು ಹೆಸರಿಟ್ಟವರಿಗೆ ಅದು ಗೊತ್ತಿತ್ತು.

ವಿರಾಜಪೇಟೆಯ ಸಂಸ್ಕೃತಪ್ರೇಮಿ
‘ಗಮ್ಯ’ ಎನ್ನಬಹುದಿತ್ತು. ಹೋಗಬಹುದಾದದ್ದು, ಅಷ್ಟೇ. ಸುಖದ ಮಾತೇ ಇಲ್ಲ.

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ವ್ಯಾಕರಣದಲ್ಲಿ ನೂರಕ್ಕೆ ನೂರು. ಆದರೆ ಕನ್ನಡದಲ್ಲಿ ಗಮ್ಯ ಈಗ ತಲುಪಬೇಕಾದ ಜಾಗವಾಗಿದೆ, ‘ನಮ್ಮ ಗಮ್ಯ ತಲಕಾವೇರಿ’ ಎಂಬ ಹಾಗೆ. ‘ಭಾಗಮಂಡಲ ರಸ್ತೆ ಗಮ್ಯ’ ಎಂದು ಬೋರ್ಡು ಹಾಕಿದರೆ ಜನ ಅಲ್ಲೇ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ.

ಸಂಪಾಜೆಯವ
ಪದ ಹುಡುಕುವ ಮೊದಲು ಒಂದು ಪ್ರಶ್ನೆ. ಯಾರಿಗೆ ಪ್ಯಾಸಬಲ್?

2018ರ ಆಗಸ್ಟ್ ಯಾರೂ ಮರೆತಿರಲಾರರು. ಮದೆನಾಡು, ಜೋಡುಪಾಲದ ಕಡೆ ಗುಡ್ಡವೇ ರಸ್ತೆಯ ಮೇಲೆ ಬಂತು, ಕೆಲವು ಕಡೆ ರಸ್ತೆಯೇ ಕೆಳಗೆ ಹೋಯಿತು. ಮಡಿಕೇರಿ ನಮಗೆ ಹತ್ತಿರದ ಊರು, ಆದರೆ ಆಗ ಅದು ಬೇರೆ ದೇಶವಾಗಿತ್ತು. ಮುಂದೆ ರಸ್ತೆ ತೆರೆದಾಗಲೂ ಎಲ್ಲರಿಗೂ ಒಟ್ಟಿಗೆ ತೆರೆಯಲಿಲ್ಲ. ಮೊದಲು ಲಘು ವಾಹನ, ಬಸ್ಸು ಆಮೇಲೆ, ಭಾರದ ಲಾರಿ ಕೊನೆಗೆ. ಮೊದಲ ದಿನ ನಾನು ಬೈಕಿನಲ್ಲಿ ಹೋದೆ. ಒಂದು ಕಡೆ ಜೆಸಿಬಿ ಕೆರೆದ ಹಸಿ ಮಣ್ಣಿನ ಗೋಡೆ, ಅದರಿಂದ ಬೇರುಗಳು ನೇತಾಡುತ್ತಿದ್ದವು. ಇನ್ನೊಂದು ಕಡೆ ಮರಳಿನ ಚೀಲಗಳ ಸಾಲು, ಅದರ ಆಚೆ ಏನೂ ಇಲ್ಲ. ನನಗೆ ಆ ರಸ್ತೆ ಪ್ಯಾಸಬಲ್. ಮಂಗಳೂರಿನಿಂದ ಗ್ಯಾಸ್ ತರುವ ಲಾರಿಗೆ ಅಲ್ಲ. ಒಂದೇ ರಸ್ತೆ, ಒಂದೇ ದಿನ.

ಮಕ್ಕಂದೂರಿನ ಜೀಪ್ ಚಾಲಕ
ಈ ಅಣ್ಣ ಹೇಳಿದ್ದೇ ಸರಿಯಾದ ಪಾಯಿಂಟ್. ನಾನು ಮಾಂದಲಪಟ್ಟಿ ಬೆಟ್ಟಕ್ಕೆ ಗಾಡಿ ಓಡಿಸುವವನು. ಹತ್ತು ವರ್ಷದಲ್ಲಿ ಯಾರೂ ನನ್ನನ್ನು ‘ರಸ್ತೆ ಹೋಗಬಹುದಾದದ್ದೇ’ ಎಂದು ಕೇಳಿಲ್ಲ. ‘ಕಾರು ಹೋಗುತ್ತದೆಯೇ’ ಎಂದು ಕೇಳುತ್ತಾರೆ. ನಾನು ‘ಕಾರು ಹೋಗುವುದಿಲ್ಲ, ಜೀಪು ಹೋಗುತ್ತದೆ’ ಎನ್ನುತ್ತೇನೆ. (ಹೊಟ್ಟೆಪಾಡಿಗಾಗಿ ಹಾಗೆ ಹೇಳುತ್ತೇನೆ ಎಂದು ಕೆಲವರಿಗೆ ಅನುಮಾನ. ಬೇಕಿದ್ದರೆ ಕಾರಿನಲ್ಲಿ ಪ್ರಯತ್ನಿಸಲಿ, ಎಳೆಯುವುದಕ್ಕೆ ಬಾಡಿಗೆ ಬೇರೆ.)

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ಚಾಲಕರು ಲೆಕ್ಕಕ್ಕಿಲ್ಲದ ಹಾಗೆ ಒಂದು ವ್ಯಾಕರಣ ಪಾಠ ಹೇಳಿಬಿಟ್ಟರು. ನನಗೆ ಮೂವತ್ತು ವರ್ಷ ಪಾಠ ಮಾಡಿಯೂ ಹೊಳೆದಿರಲಿಲ್ಲ.

ಇಂಗ್ಲಿಷಿನಲ್ಲಿ ‘ಪ್ಯಾಸಬಲ್’ ರಸ್ತೆಯ ಗುಣ. ರಸ್ತೆ ಕರ್ತೃಪದ, ಅದರ ಮೈಮೇಲೆ ಒಂದು ವಿಶೇಷಣ ಅಂಟಿಸುತ್ತಾರೆ, ಹೋಗುವವನು ವಾಕ್ಯದಲ್ಲಿ ಕಾಣಿಸುವುದೇ ಇಲ್ಲ. ಕನ್ನಡದಲ್ಲಿ ನಾವು ರಸ್ತೆಯನ್ನು ಅದರ ಪಾಡಿಗೆ ಬಿಟ್ಟು ಹೋಗುವವನನ್ನು ಹಿಡಿದುಕೊಳ್ಳುತ್ತೇವೆ: ಜೀಪು ಹೋಗುತ್ತದೆ, ಬಸ್ಸು ಹೋಗುವುದಿಲ್ಲ, ಆಳು ಹೋಗಬಹುದು, ದನ ಹಾಯಬಹುದು. ಹಾಗಾಗಿಯೇ ಒಂದೇ ವಿಶೇಷಣ ಹುಡುಕಿದ ನಮ್ಮ ಅನುವಾದಕಿಗೆ ಅದು ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಕನ್ನಡ ಕ್ರಿಯಾಪದವನ್ನು ಇಟ್ಟಿದೆ, ಜೊತೆಗೆ ಒಂದು ಗಾಡಿಯನ್ನೂ ಕೇಳುತ್ತದೆ.

ಇಂಗ್ಲಿಷಿಗೂ ಈ ಕೊರತೆ ಗೊತ್ತಿದೆ. ಮೋಟಾರು ಹೋಗುವ ರಸ್ತೆಗೆ ‘ಮೋಟರಬಲ್’, ಹಡಗು ಹೋಗುವ ನೀರಿಗೆ ‘ನ್ಯಾವಿಗಬಲ್’, ಕಾಲಲ್ಲಿ ಹಾಯುವ ಹೊಳೆಗೆ ‘ಫೋರ್ಡಬಲ್’ ಎಂದು ಪ್ರತ್ಯೇಕ ಪದಗಳನ್ನು ಕಟ್ಟಿಕೊಂಡಿದೆ. ನಮ್ಮ ದೇಶದ ಇಂಗ್ಲಿಷಿನಲ್ಲಿ ‘ಜೀಪಬಲ್’ ಎಂಬುದೂ ಓಡಾಡುತ್ತದೆ. ಮಾಂದಲಪಟ್ಟಿ ಅದಕ್ಕೆ ತಕ್ಕ ಉದಾಹರಣೆ.

ಸಿದ್ದಾಪುರದ ಬೆಳೆಗಾರ
ಹೊಳೆಯ ಮಾತು ಬಂದದ್ದರಿಂದ ಒಂದು ಮಾತು. ನಮ್ಮ ತೋಟದ ಕೆಳಗೆ ಕಾವೇರಿ. ಇಲ್ಲಿ ಕಾವೇರಿಯಲ್ಲಿ ಹಡಗು ಹೋಗುವ ಪ್ರಶ್ನೆಯಿಲ್ಲ, ಹಾಯುವ ಪ್ರಶ್ನೆ ಮಾತ್ರ. ದುಬಾರೆಗೆ ಹೋದವರಿಗೆ ಗೊತ್ತು: ಮಳೆಗಾಲ ಕಳೆದ ಮೇಲೆ ದೋಣಿ, ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ಆಚೆ ದಡ.

ನಮ್ಮಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಹೊಳೆಯ ನಡುವಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡಿದ್ದರು. ಎಮ್ಮೆಯ ಬೆನ್ನಿನಂತಹ ಕಲ್ಲು, ಒಂದು ಮಗ್ಗುಲಲ್ಲಿ ಬಿಳಿಯ ಗೀರು. ಗೀರು ಪೂರ್ತಿ ಕಂಡರೆ ಮೊಣಕಾಲುದ್ದ ನೀರು, ಹೆಂಗಸರು ಮಕ್ಕಳೂ ಹಾಯಬಹುದು. ಅರ್ಧ ಕಂಡರೆ ಸೊಂಟದುದ್ದ, ಗಂಡಸರು ಕೈ ಹಿಡಿದುಕೊಂಡು. ಬೆನ್ನು ಮಾತ್ರ ಕಂಡರೆ ಸುಮ್ಮನೆ ಮನೆಗೆ ಹೋಗಿ ಮಲಗುವುದು. ‘ಗೀರು ಕಾಣುತ್ತದೆಯಾ’ ಎಂಬುದೇ ಅವರ ಪ್ರಶ್ನೆ, ‘ಕಾಣುತ್ತದೆ’ ಎಂಬುದೇ ಉತ್ತರ. ಯಾವ ಭಾಷೆಯ ವಿಶೇಷಣವೂ ಬೇಕಾಗಿರಲಿಲ್ಲ.

ಮಡಿಕೇರಿಯ ಅನುವಾದಕಿ
ಇದನ್ನು ಎರಡು ಸಲ ಓದಿದೆ. ‘ಹಾಯುವುದು’ ಎಂಬ ಕ್ರಿಯಾಪದ ಈಗಿನ ಬರವಣಿಗೆಯಲ್ಲಿ ಕಡಿಮೆಯಾಗುತ್ತಿದೆ, ಎಲ್ಲದಕ್ಕೂ ‘ದಾಟುವುದು’ ಎಂದು ಬರೆಯುತ್ತೇವೆ. ಸೇತುವೆಯ ಮೇಲೆ ದಾಟಬಹುದು, ದೋಣಿಯಲ್ಲೂ ದಾಟಬಹುದು. ಹಾಯುವುದಕ್ಕೆ ಕಾಲು ಒದ್ದೆಯಾಗಬೇಕು.

ನಾಪೋಕ್ಲಿನ ವಿದ್ಯಾರ್ಥಿನಿ
ನನ್ನದೊಂದು ಚಿಕ್ಕ ದುಃಖ. ಪಿಯುಸಿಯಲ್ಲಿ ಪ್ರಬಂಧ ಬರೆಯುವಾಗ ‘ಮಳೆಗಾಲದಲ್ಲಿ ಭಾಗಮಂಡಲದ ರಸ್ತೆ ಇಂಪ್ಯಾಸಬಲ್ ಆಗುತ್ತಿತ್ತು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬರೆದೆ. ‘ಎ’ ಅಕ್ಷರ ಬರಬೇಕಾದಲ್ಲಿ ‘ಐ’ ಬಿತ್ತು. ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಗುವ ಮುಖ ಬರೆದಿದ್ದರು. ನಗು ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ಮಗಳೇ, ಆ ನಗು ನನಗೆ ಅರ್ಥವಾಯಿತು. ‘ಐ’ ಹಾಕಿದ ಪದವೂ ಇಂಗ್ಲಿಷಿನಲ್ಲಿ ಇದೆ, ಉಚ್ಚಾರಣೆಯಲ್ಲಿ ಅವೆರಡನ್ನು ಬೇರೆ ಮಾಡುವುದು ಕಷ್ಟ. ಆದರೆ ಅದರ ಬೇರು ಬೇರೆ. ಅದು ಹೆಜ್ಜೆಯಿಂದ ಬಂದದ್ದಲ್ಲ, ಅನುಭವಿಸುವುದು, ನೋಯುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ‘ಪ್ಯಾಶನ್’ ಹುಟ್ಟಿದ್ದೂ ಅಲ್ಲಿಂದಲೇ. ನೋವು ತಾಗದವನು, ವಿಕಾರವಿಲ್ಲದವನು ಎಂದರ್ಥ. ಕ್ರೈಸ್ತ ಧರ್ಮಶಾಸ್ತ್ರದಲ್ಲಿ ದೇವರ ಗುಣವಾಗಿ ಈ ಪದ ಬರುತ್ತದೆ. ನೀನು ಬರೆದದ್ದು, ಭಾಗಮಂಡಲದ ರಸ್ತೆಗೆ ನೋವೇ ಆಗುವುದಿಲ್ಲ ಎಂದಾಯಿತು.

ಸಂಪಾಜೆಯವ
ಹುಡುಗಿ ಬರೆದದ್ದರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ. ರಸ್ತೆಗೆ ನೋವಿಲ್ಲ, ಸೊಂಟ ನಮ್ಮದು.

ನಾಪೋಕ್ಲಿನ ವಿದ್ಯಾರ್ಥಿನಿ
ಧನ್ಯವಾದ ಸರ್. ಈಗ ಅಲ್ಲಿ ಮೇಲ್ಸೇತುವೆ ಆಗಿದೆ. ಮೊದಲು ತ್ರಿವೇಣಿ ಸಂಗಮದಲ್ಲಿ ನೀರೇರಿದರೆ ನಾಪೋಕ್ಲು ಕಡೆಯ ರಸ್ತೆ ಮುಳುಗುತ್ತಿತ್ತು. ಕಾವೇರಿ, ಕನ್ನಿಕೆ ಎರಡೂ ಸೇರಿ ಬಂದರೆ ಇನ್ನೇನಾಗುತ್ತದೆ. ಮೂರನೆಯದು ಸುಜ್ಯೋತಿ, ಅದು ಕಣ್ಣಿಗೆ ಕಾಣಿಸದ ನದಿ, ಅದರ ಮೇಲೆ ತಪ್ಪು ಹೊರಿಸುವುದಕ್ಕಾಗುವುದಿಲ್ಲ.

ಮಾಲ್ದಾರೆ ಕಾಡಂಚಿನವ
ಪ್ಯಾಸಬಲ್ ಬಗ್ಗೆ ಆನೆಗಳನ್ನೂ ಕೇಳಬೇಕು. ತೋಟದ ಅಂಚಿನಲ್ಲಿ ಆನೆ ಕಂದಕ ತೋಡಿದ್ದಾರೆ. ಕಾಗದದಲ್ಲಿ ಅದು ಆನೆಗೆ ‘ಇಂಪ್ಯಾಸಬಲ್’. ಆನೆ ಮಾತ್ರ ಅಂಚಿನ ಮಣ್ಣನ್ನು ಕಾಲಿನಿಂದ ಒತ್ತಿ ಒತ್ತಿ ಒಳಗೆ ಕೆಡವಿ, ಇಳಿಜಾರು ಮಾಡಿಕೊಂಡು, ಮರಿಯನ್ನು ಮುಂದೆ ಬಿಟ್ಟುಕೊಂಡು ಬರುತ್ತದೆ. ಕೊಡಗಿನಲ್ಲಿ ಹಳೆಯ ಕಡಂಗಗಳೂ ಇವೆಯಲ್ಲ, ಶತ್ರು ದಾಟದಿರಲೆಂದು ಹಿಂದಿನವರು ತೋಡಿದ ಆಳವಾದ ಕಂದಕಗಳು. ಈಗ ಕೆಲವದರೊಳಗೆ ಮರಗಳು ಬೆಳೆದು ನಿಂತಿವೆ, ದನ ಮೇಯುತ್ತವೆ.

ಮಡಿಕೇರಿಯ ಅನುವಾದಕಿ
ರಸ್ತೆಯ ಅರ್ಥ ಆಯಿತು. ಊಟದ ಅರ್ಥಕ್ಕೆ ಬರೋಣ, ಕಕ್ಕಬ್ಬೆಯ ಅಣ್ಣ ಇನ್ನೂ ಹೊರಗೆ ಜಗಲಿಯಲ್ಲೇ ಇದ್ದಾರೆ ಎಂದು ಕಾಣುತ್ತದೆ.

‘ತಕ್ಕಮಟ್ಟಿಗೆ’ ಎಂದರೆ ತೂಗಿ ನೋಡಿದ ಹಾಗೆ. ‘ಸಾಧಾರಣ’ ತಣ್ಣಗಿದೆ. ‘ಸುಮಾರು’ ಎನ್ನುವಾಗ ಮೂಗು ಸ್ವಲ್ಪ ಮೇಲೇರುತ್ತದೆ. ‘ಪರವಾಗಿಲ್ಲ’ ಹತ್ತಿರ ಬರುತ್ತದೆ, ಆದರೆ ಅದರ ಅರ್ಥ ದನಿಯಲ್ಲಿದೆ. ತಗ್ಗಿಸಿ ಹೇಳಿದರೆ ಸಮಾಧಾನ; ಹುಬ್ಬು ಎತ್ತಿ ‘ಪರವಾಗಿಲ್ಲವಲ್ಲ!’ ಎಂದರೆ ನಿಜವಾದ ಹೊಗಳಿಕೆ. ಇಂಗ್ಲಿಷಿನ ‘ಪ್ಯಾಸಬಲ್’ ಅನ್ನು ಯಾವ ಹುಬ್ಬಿನಿಂದಲೂ ಹೊಗಳಿಕೆಯಾಗಿ ಎತ್ತುವುದಕ್ಕೆ ಆಗುವುದಿಲ್ಲ.

ಇನ್ನೊಂದು ವಿಚಿತ್ರ. ‘ಇಂಪ್ಯಾಸಬಲ್’ ದಾರಿಗೆ ಮಾತ್ರ. ಕೆಟ್ಟ ಊಟವನ್ನು ಯಾರೂ ‘ಇಂಪ್ಯಾಸಬಲ್’ ಎನ್ನುವುದಿಲ್ಲ. ಹೌದು ಎಂಬ ರೂಪ ಎರಡು ಮನೆಗೆ ಸೇರಿದೆ, ಅಲ್ಲ ಎಂಬ ರೂಪ ಒಂದೇ ಮನೆಗೆ.

ಸೋಮವಾರಪೇಟೆ ಅಂಗಡಿಯವ
ಇಷ್ಟು ದೊಡ್ಡ ಮಾತಿನ ನಡುವೆ ಅಂಗಡಿಯವನದೊಂದು ಪದ. ‘ನಡೆಯುತ್ತದೆ’ ಎಂದರೆ ಆಗದೇ? ‘ಬೆಲ್ಲ ಹಾಕಿದ ಕಾಫಿ ಇದೆ, ನಡೆಯುತ್ತದೆಯೇ?’ ‘ನಡೆಯುತ್ತದೆ.’ ಗಿರಾಕಿಗೆ ಅದೇ ಬೇಕಿತ್ತು ಎಂದಲ್ಲ, ಬೇಡ ಎಂದೂ ಅಲ್ಲ. ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದ ಮಾರನೆಯ ದಿನ ಬಾಗಿಲು ತೆರೆಯುವ ಮೊದಲೇ ನಿಂತಿದ್ದರು, ಎಲ್ಲರದೂ ಒಂದೇ ಪ್ರಶ್ನೆ: ‘ಈ ನೋಟು ನಡೆಯುತ್ತದೆಯೇ?’

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ಸ್ವಾಮಿ, ನೀವು ಅಂಗಡಿ ಮುಚ್ಚಿ ನಿಘಂಟು ಬರೆಯಬೇಕು.

ಇಂಗ್ಲಿಷಿನ ಪದಕ್ಕೆ ಮೂರನೆಯ ಅರ್ಥವೊಂದಿದೆ, ಈಗ ಬಳಕೆ ಕಡಿಮೆ: ಚಲಾವಣೆಯಾಗಬಲ್ಲ ನಾಣ್ಯ. ಕೈಯಿಂದ ಕೈಗೆ ಹಾದುಹೋಗುವುದು. ಅಲ್ಲಿ ಹೆಜ್ಜೆಯಿಂದ ಹೊರಟ ಪದ ದಾರಿಗೂ, ನಾಣ್ಯಕ್ಕೂ, ಸುಮಾರಾದ ಊಟಕ್ಕೂ ಬಂತು. ಇಲ್ಲಿ ‘ನಡೆ’ ಎಂಬ ನಮ್ಮ ಧಾತು, ಅದೂ ಹೆಜ್ಜೆಯೇ, ನಾಣ್ಯಕ್ಕೂ ಕಾಫಿಗೂ ಬಂದಿದೆ. ಯಾರೂ ಯಾರಿಂದಲೂ ಕಡ ತಂದದ್ದಲ್ಲ. ದಾರಿಗೆ ಮಾತ್ರ ನಾವು ‘ನಡೆಯುತ್ತದೆ’ ಎನ್ನುವುದಿಲ್ಲ. ದಾರಿಯಲ್ಲಿ ನಡೆಯುವವರು ನಾವು, ಅದು ಬಿದ್ದುಕೊಂಡಿರುತ್ತದೆ.

ವಿರಾಜಪೇಟೆಯ ಸಂಸ್ಕೃತಪ್ರೇಮಿ
‘ಚಲಾವಣೆ’ಯಲ್ಲಿರುವ ‘ಚಲ್’ ಕೂಡ ಚಲಿಸುವುದೇ ಎಂದು ವಿನಯಪೂರ್ವಕವಾಗಿ ಸೇರಿಸುತ್ತೇನೆ.

ಮಡಿಕೇರಿಯ ಅನುವಾದಕಿ
ಹಾಗಾದರೆ ನನ್ನ ಲೆಕ್ಕ ಇದು. ದಾರಿಗೆ ಬಂದಾಗ ಗಾಡಿಯ ಹೆಸರು ಹೇಳಿ ‘ಹೋಗುತ್ತದೆ’ ಎನ್ನುವುದು. ಹೊಳೆಗೆ ‘ಹಾಯಬಹುದು’. ಊಟಕ್ಕೆ, ಭಾಷೆಗೆ, ಹಾಡಿಗೆ ‘ನಡೆಯುತ್ತದೆ’. ಆ ಸೂಚನಾ ಪತ್ರವನ್ನು ಕೊನೆಗೆ ನಾನು ಹೀಗೆಯೇ ಬರೆದಿದ್ದೆ, ‘ಕಾರು ಹೋಗುತ್ತದೆ’, ‘ಜೀಪು ಮಾತ್ರ ಹೋಗುತ್ತದೆ’ ಎಂದು. ಕಚೇರಿಯ ಭಾಷೆಯಲ್ಲ ಎಂದು ತಿದ್ದಿ, ಮತ್ತೆ ‘ಸಂಚಾರಯೋಗ್ಯ’ವನ್ನೇ ಅಚ್ಚು ಹಾಕಿಸಿದರು. ಹಗೆತನ ಎಂದದ್ದು ಅದಕ್ಕೆ.

ಕಕ್ಕಬ್ಬೆ ಹೋಂಸ್ಟೇ
ಎಲ್ಲರಿಗೂ ಕೃತಜ್ಞತೆ. ಅಂಗಡಿಯವರ ಮಾತನ್ನು ಹಿಡಿದುಕೊಂಡು ಒಳಗೆ ಹೋದೆ. ‘ನಿನ್ನ ಊಟ ನಡೆಯುತ್ತದೆ ಎಂದಿದ್ದಾರೆ ಅಷ್ಟೇ, ಬೈದದ್ದಲ್ಲ’ ಎಂದೆ. ಅವಳು ಅಕ್ಕಿರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ, ‘ಕಾಚಂಪುಳಿ ಮುಗಿದಿತ್ತು, ಎರಡನೇ ದಿನ ಹುಣಸೆಹುಳಿ ಹಾಕಿದ್ದೆ, ಅವರಿಗೆ ಗೊತ್ತಾಗಿರಬೇಕು’ ಎಂದಳು. ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು!

ಪೇಂಟರ್ ಬಂದು ಕಾಯುತ್ತಿದ್ದಾನೆ, ಬಣ್ಣ ಕಲಸಿಯೂ ಆಗಿದೆ. ಊಟದ ಬಗ್ಗೆ ಏನೂ ಬರೆಸುವುದಿಲ್ಲ. ಡಾಂಬರು ರಸ್ತೆಯ ಮೂಲೆಯಲ್ಲಿ ಹೀಗೆ ಬರೆಸುತ್ತಿದ್ದೇನೆ: ‘ಜೂನ್‌ನಿಂದ ಸೆಪ್ಟೆಂಬರ್: ಕಾರು ಇಲ್ಲೇ ನಿಲ್ಲಿಸಿ, ಫೋನ್ ಮಾಡಿ, ಜೀಪು ಬರುತ್ತದೆ.’ ಇಂಗ್ಲಿಷಿನಲ್ಲಿ ಏನು ಬರೆಸಲಿ ಮೇಷ್ಟ್ರೇ?

ಪೊನ್ನಂಪೇಟೆಯ ಮೇಷ್ಟ್ರು (ನಿವೃತ್ತ)
ಇದನ್ನೇ. ವಿಶೇಷಣ ಬೇಡ.

ಮಕ್ಕಂದೂರಿನ ಜೀಪ್ ಚಾಲಕ
ಜೀಪಿನ ಚಿತ್ರ ಬರೆಸಿದರೆ ಇನ್ನೂ ಒಳ್ಳೆಯದು. ನೆಟ್‌ವರ್ಕ್ ಇದೆಯೇ ಅಣ್ಣ ಆ ಮೂಲೆಯಲ್ಲಿ?

ಕಕ್ಕಬ್ಬೆ ಹೋಂಸ್ಟೇ
ಮೋರಿಯ ಕಟ್ಟೆಯ ಮೇಲೆ ಹತ್ತಿ ನಿಂತರೆ ಒಂದು ಗೆರೆ ಬರುತ್ತದೆ. ಅದನ್ನೂ ಬರೆಸುತ್ತೇನೆ.